ಬಿ. ಸರೋಜಾದೇವಿ: ಒಂದು ಅಭಿನಯಜೀವನದ ಎರಡು ಮುಖಗಳು

ಕನ್ನಡಿಗರೊಡನೆ ಬಿ. ಸರೋಜಾದೇವಿಯವರ ಹೆಸರನ್ನೆತ್ತಿದರೆ ಅವರ ಮನಸ್ಸಿನಲ್ಲಿ ಮೊದಲು ಮೂಡುವುದು ಕಂಪನಿ ಸರ್ಕಾರಕ್ಕೆ ಕಪ್ಪವನ್ನೇಕೆ ತೆರಬೇಕೆಂದು ಗರ್ಜಿಸಿದ ಕಿತ್ತೂರಿನ ರಾಣಿಯ ಚಿತ್ರ. ತಮಿಳರೊಡನೆ ಅದೇ ಹೆಸರನ್ನೆತ್ತಿದರೆ ಅವರ ಕಣ್ಣೆದುರಿಗೆ ಬರುವವಳು ಬಣ್ಣದ ಸೀರೆಯನ್ನುಟ್ಟು, ಎತ್ತರವಾಗಿ ಮುಡಿ ಕಟ್ಟಿ, ಮಾತಿನ ತುದಿಯನ್ನು ಮುದ್ದಾಗಿ ಎಳೆದು ನುಡಿಯುವ ಸಿರಿವಂತರ ಮನೆಯ ಕನ್ನಿಕೆ. ನಟಿಯೊಬ್ಬಳೇ, ಕಾಲವೂ ಹೆಚ್ಚು ಕಡಮೆ ಒಂದೇ, ಚಿತ್ರಗಳು ತಯಾರಾದ ಊರು ಕೂಡ ಬಹುಮಟ್ಟಿಗೆ ಮದರಾಸೊಂದೇ. ಆದರೂ ನೆರೆಯ ಎರಡು ನಾಡುಗಳ ಸ್ಮೃತಿಯಲ್ಲಿ ನೆಲೆಗೊಂಡಿರುವ ಈ ಎರಡು ಮೂರ್ತಿಗಳು ಪರಸ್ಪರ ಪರಿಚಯವೇ ಇಲ್ಲದವುಗಳೆಂಬಷ್ಟು ಭಿನ್ನವಾಗಿವೆ. 2025ರ ಜುಲೈ 14ರಂದು, ತಮ್ಮ 87ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ಎರಡು ನಾಡಿನವರೂ ಶೋಕಿಸಿದರು. ಆದರೆ ಒಬ್ಬೊಬ್ಬರೂ ಶೋಕಿಸಿದ್ದು ತಮ್ಮ ತಮ್ಮ ಸರೋಜಾದೇವಿಗಾಗಿ. ಈ ಭೇದವು ಹೇಗೆ ಉಂಟಾಯಿತೆಂಬುದನ್ನು ವಿಚಾರಿಸಹೊರಟರೆ ಓರ್ವ ನಟಿಯ ಜೀವನದೊಡನೆ ದಕ್ಷಿಣ ಭಾರತದ ಚಲಚ್ಚಿತ್ರೋದ್ಯಮವು ಆ ದಿನಗಳಲ್ಲಿ ನಡೆಯುತ್ತಿದ್ದ ಬಗೆಯೂ ನಮಗೆ ತಿಳಿದುಬರುತ್ತದೆ.

ಸರೋಜಾದೇವಿಯವರು ಹುಟ್ಟಿದ್ದು 1938ರ ಜನವರಿ 7ರಂದು, ಬೆಂಗಳೂರಿನಲ್ಲಿ. ತಂದೆ ಭೈರಪ್ಪನವರು ಪೊಲೀಸು ಇಲಾಖೆಯ ನೌಕರರು. ತಾಯಿ ರುದ್ರಮ್ಮನವರು ಮನೆಯ ಶಿಸ್ತನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಂಡಿದ್ದ ಗೃಹಿಣಿ. ಹೆಣ್ಣುಮಕ್ಕಳು ಬಣ್ಣ ಹಚ್ಚುವುದೆಂದರೆ ಸಂಭಾವಿತ ಮನೆತನಗಳು ಮೂಗು ಮುರಿಯುತ್ತಿದ್ದ ಆ ಕಾಲದಲ್ಲಿ ಮಗಳಿಗೆ ನೃತ್ಯವನ್ನು ಕಲಿಯಲು, ಅಭಿನಯಿಸಲು ಉತ್ತೇಜನವಿತ್ತವರು ತಂದೆಯೇ ಎಂಬುದು ಗಮನಾರ್ಹವಾದ ಸಂಗತಿ. ಸಮಾರಂಭವೊಂದರಲ್ಲಿ ಹಾಡುತ್ತಿದ್ದ ಈ ಬಾಲಿಕೆಯ ಮೇಲೆ ಗಾಯಕನಟ ಹೊನ್ನಪ್ಪ ಭಾಗವತರ ದೃಷ್ಟಿ ಬಿದ್ದಿತು. ತರುವಾಯ ಅವರು ತಾವೇ ನಿರ್ಮಿಸಿ ನಾಯಕರಾಗಿ ಅಭಿನಯಿಸಿದ, ಕು. ರಾ. ಸೀತಾರಾಮಶಾಸ್ತ್ರಿಗಳು ನಿರ್ದೇಶಿಸಿದ ‘ಮಹಾಕವಿ ಕಾಳಿದಾಸ’ ಚಿತ್ರದಲ್ಲಿ ಆಕೆಗೆ ಅವಕಾಶ ಕಲ್ಪಿಸಿದರು. 1955ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಕನ್ನಡದ ಉತ್ತಮ ಚಿತ್ರವೆಂದು ರಾಷ್ಟ್ರಮಟ್ಟದ ಮನ್ನಣೆಯೂ ದೊರೆಯಿತು. ಹಾಡುಗಾರ್ತಿಯಾಗಿ ಕಾಣಿಸಿಕೊಂಡ ಹುಡುಗಿ ನಟಿಯಾಗಿ ನಿಂತಳು. ಆಗ ಆಕೆಗಿನ್ನೂ ಹದಿನೇಳರ ಪ್ರಾಯ.

ಮುಂದಿನ ಕಥೆಯು ಮದರಾಸಿನದು. ಆ ದಶಕದಲ್ಲಿ ಕನ್ನಡ ಚಿತ್ರವೆಂಬುದು ಕನ್ನಡನಾಡಿನಲ್ಲಿ ನೋಡಲ್ಪಡುತ್ತಿತ್ತೇ ಹೊರತು ಅದರ ಹೆಚ್ಚಿನ ಭಾಗ ತಯಾರಾಗುತ್ತಿದ್ದುದು ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ. ಒಂದು ಛಾವಣಿಯ ಕೆಳಗೆ ಕನ್ನಡದ ಪೌರಾಣಿಕವೂ, ಅದರ ಮಗ್ಗುಲಲ್ಲೇ ತಮಿಳಿನ ಸಾಮಾಜಿಕವೂ, ಮತ್ತೊಂದೆಡೆ ತೆಲುಗಿನ ಜಾನಪದವೂ ಚಿತ್ರೀಕರಣಗೊಳ್ಳುತ್ತಿದ್ದ ಆ ಆವರಣದಲ್ಲಿ, ಒಂದು ಭಾಷೆಯ ಕಲಾವಿದರು ಇನ್ನೊಂದು ಭಾಷೆಯ ನಿರ್ಮಾಪಕರ ಕಣ್ಣಿಗೆ ಬೀಳುವುದಕ್ಕೆ ವಿಶೇಷ ಪ್ರಯತ್ನವೇನೂ ಬೇಕಾಗಿರಲಿಲ್ಲ. ಸರೋಜಾದೇವಿಯವರ ವಿಷಯದಲ್ಲಿ ನಡೆದದ್ದೂ ಇದೇ. ಕೆ. ಸುಬ್ರಹ್ಮಣ್ಯಂ ಅವರ ಕನ್ನಡ ಚಿತ್ರ ‘ಕಚದೇವಯಾನಿ’ಯ ಚಿತ್ರೀಕರಣದ ಸಂದರ್ಭದಲ್ಲಿ ಎಂ. ಜಿ. ರಾಮಚಂದ್ರನ್ ಅವರು ಈಕೆಯನ್ನು ಕಂಡರು. ತಾವು ಸ್ವತಃ ನಿರ್ಮಿಸಿ, ಪ್ರಥಮ ಬಾರಿಗೆ ನಿರ್ದೇಶಿಸುತ್ತಿದ್ದ ‘ನಾಡೋಡಿ ಮನ್ನನ್’ ಚಿತ್ರಕ್ಕೆ ಆಯ್ದುಕೊಂಡರು. 1958ರಲ್ಲಿ ಬಿಡುಗಡೆಯಾದ ಆ ಚಿತ್ರದ ಪೂರ್ವಭಾಗವು ಕಪ್ಪುಬಿಳುಪಿನಲ್ಲಿಯೂ ಉತ್ತರಭಾಗವು ಬಣ್ಣದಲ್ಲಿಯೂ ಇದ್ದಿತು. ಪೂರ್ವಭಾಗದ ನಾಯಿಕೆ ಆ ಕಾಲದ ಘನ ನಟಿ ಪಿ. ಭಾನುಮತಿಯವರು. ಅವರು ಚಿತ್ರದ ನಡುವೆಯೇ ನಿರ್ಗಮಿಸಿದುದರಿಂದ ಅವರ ಪಾತ್ರವು ಅಲ್ಲಿಗೇ ಮುಗಿದು, ಉತ್ತರಭಾಗದ ರಾಜಕುಮಾರಿಯಾಗಿ ಸರೋಜಾದೇವಿಯವರು ಕಾಣಿಸಿಕೊಂಡಾಗ ತೆರೆಗೂ ಬಣ್ಣ ಬಂದಿತ್ತು. ಹೊಸ ಮುಖವೊಂದಕ್ಕೆ ಇದಕ್ಕಿಂತ ಶುಭವಾದ ಪ್ರವೇಶವನ್ನು ಯಾವ ಪ್ರಚಾರಕನೂ ಕಲ್ಪಿಸಲಾರನು.

ಮರುವರ್ಷ ಶ್ರೀಧರ್ ಅವರ ‘ಕಲ್ಯಾಣ ಪರಿಸು’ ಬಂದಿತು. ತಾನು ಪ್ರೀತಿಸಿದವನನ್ನೇ ಅಕ್ಕನೂ ಮೆಚ್ಚಿರುವಳೆಂದು ತಿಳಿದು, ಮನೆಯ ಭಾರವನ್ನು ಹೊತ್ತ ಆ ಅಕ್ಕನಿಗಾಗಿ ತನ್ನ ಪ್ರೇಮವನ್ನು ತ್ಯಾಗಮಾಡುವ ತಂಗಿಯ ಪಾತ್ರ ಸರೋಜಾದೇವಿಯವರದು. ಅರಮನೆ, ಖಡ್ಗಯುದ್ಧಗಳ ಹಂಗಿಲ್ಲದೆ, ಮಧ್ಯಮವರ್ಗದ ಮನೆಯೊಂದರ ಒಳಗೇ ನಡೆಯುವ ಈ ಕಥೆಯು ತಮಿಳು ಚಿತ್ರಗಳಿಗೆ ಹೊಸ ಜಾಡೊಂದನ್ನು ತೋರಿಸಿತಲ್ಲದೆ, ರಾಜಕುಮಾರಿಯ ವೇಷದಲ್ಲಿ ಕಂಡಿದ್ದ ಕನ್ನಡದ ಹುಡುಗಿಗೆ ಭಾವಪಾತ್ರಗಳನ್ನೂ ನಿರ್ವಹಿಸುವ ಸಾಮರ್ಥ್ಯವುಂಟೆಂಬುದನ್ನು ರುಜುವಾತುಪಡಿಸಿತು. ಇದೇ ಕಥೆ ತೆಲುಗಿನಲ್ಲಿ ‘ಪೆಳ್ಳಿ ಕಾನುಕ’ ಆದಾಗಲೂ ನಾಯಿಕೆ ಈಕೆಯೇ. ಅದೇ 1959ರಲ್ಲಿ ಎಸ್. ಎಸ್. ವಾಸನ್ ಅವರ ‘ಪೈಗಾಂ’ ಚಿತ್ರದ ಮೂಲಕ ಹಿಂದಿಯ ಬಾಗಿಲೂ ತೆರೆಯಿತು. ‘ಸಸುರಾಲ್’, ‘ಬೇಟಿ ಬೇಟೆ’ ಮುಂತಾದವು ಹಿಂಬಾಲಿಸಿದವು. ತೆಲುಗಿನಲ್ಲಿ ‘ಪಾಂಡುರಂಗ ಮಹಾತ್ಮ್ಯಂ’ ಚಿತ್ರದಿಂದ ಮೊದಲಾದ ಎನ್. ಟಿ. ರಾಮರಾಯರೊಡನೆಯ ಜೋಡಿ ‘ಜಗದೇಕವೀರುನಿ ಕಥ’ದಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ಇಪ್ಪತ್ತೈದನೆಯ ವಯಸ್ಸು ತುಂಬುವುದರೊಳಗಾಗಿ ನಾಲ್ಕು ಭಾಷೆಗಳ ಅಗ್ರನಾಯಕರೊಡನೆ ನಟಿಸಿದ ಕನ್ನಡತಿಯರು ಅದುವರೆಗೆ ವಿರಳ.

ಆದರೆ ತಮಿಳಿನಲ್ಲಿ ಅವರ ಕೀರ್ತಿಗೆ ಕಾರಣವಾದ ಗುಣವು, ಮೊದಲಲ್ಲಿ ಒಂದು ದೋಷವೆಂದೇ ಎಣಿಸಬಹುದಾಗಿದ್ದ ಸಂಗತಿ. ಅವರ ತಮಿಳು ಉಚ್ಚಾರಣೆಯಲ್ಲಿ ಕನ್ನಡದ ಛಾಯೆ ಸ್ಪಷ್ಟವಾಗಿತ್ತು. ಕರುಣಾನಿಧಿ ಮುಂತಾದವರ ಲೇಖನಿಯಿಂದ ಹೊರಟ ಅಲಂಕಾರಯುಕ್ತವಾದ ದೀರ್ಘ ಸಂಭಾಷಣೆಗಳೇ ತಮಿಳು ಚಿತ್ರಗಳ ಹೆಗ್ಗಳಿಕೆಯಾಗಿದ್ದ ಆ ಯುಗದಲ್ಲಿ ಪರನುಡಿಯವಳಾದ ನಟಿಗೆ ಇದು ಸಾಮಾನ್ಯವಾದ ತೊಡಕಲ್ಲ. ಸರೋಜಾದೇವಿಯವರು ಅದನ್ನು ಮರೆಮಾಚಲು ಹೋಗದೆ, ಮಾತನ್ನು ಚಿಕ್ಕದಾಗಿಸಿ, ಅದರ ಕೊನೆಯನ್ನು ಕೊಂಚ ಎಳೆದು, ಉಳಿದುದನ್ನು ವಿಶಾಲವಾದ ಕಣ್ಣುಗಳಿಗೂ ಕೊರಳಿನ ಬಳುಕಿಗೂ ಒಪ್ಪಿಸಿದರು. ‘ಪುದಿಯ ಪರವೈ’ ಚಿತ್ರದಲ್ಲಿ ಶಿವಾಜಿ ಗಣೇಶನ್ ಅವರ ಪಾತ್ರವನ್ನು ‘ಗೋಪಾಲ್’ ಎಂದು ಅವರು ಕರೆಯುವ ರೀತಿಯನ್ನು ಅನುಕರಿಸದ ಮಿಮಿಕ್ರಿ ಕಲಾವಿದರು ತಮಿಳುನಾಡಿನಲ್ಲಿ ಇರಲಿಕ್ಕಿಲ್ಲ. ಅಲ್ಲಿನ ಜನ ‘ಕನ್ನಡತ್ತು ಪೈಂಗಿಳಿ’ ಎಂದು ಬಿರುದಿತ್ತು ಕೊಂಡಾಡಿದರು. ಅವರ ಸೀರೆ, ರವಿಕೆ, ಕೇಶಾಲಂಕಾರಗಳನ್ನು ಆ ನಾಡಿನ ತರುಣಿಯರು ಅನುಸರಿಸಿದರು.

ಮುದ್ದುಮಾತಿನ ಸಿರಿವಂತ ಕನ್ನಿಕೆಯ ಪಾತ್ರಗಳನ್ನೇ ತಮಿಳು ಚಿತ್ರಗಳು ಅವರಿಗೆ ಹೆಚ್ಚಾಗಿ ಕೊಟ್ಟುದಕ್ಕೆ ಬೇರೊಂದು ಕಾರಣವೂ ಉಂಟು. ಎಂ. ಜಿ. ಆರ್. ಅವರ ಚಿತ್ರಗಳು ನಾಯಕನ ವ್ಯಕ್ತಿತ್ವವನ್ನೇ ಕೇಂದ್ರವಾಗಿಟ್ಟು ಹೆಣೆಯಲ್ಪಡುತ್ತಿದ್ದುವು. ಬಡವರ ಬಂಧುವಾದ ನಾಯಕನೆದುರು, ಮೊದಲು ಜಂಬದಿಂದ ಮೆರೆದು ಬಳಿಕ ಅವನಿಗೆ ಮನಸೋಲುವ ನಾಯಿಕೆಯೊಬ್ಬಳು ಆ ಕಥಾವಿಧಾನಕ್ಕೆ ಅವಶ್ಯಕಳಾಗಿದ್ದಳು. ‘ಎಂಗ ವೀಟ್ಟು ಪಿಳ್ಳೈ’, ‘ಅನ್ಬೇ ವಾ’ ಮೊದಲಾದ ಜನಪ್ರಿಯ ಚಿತ್ರಗಳಲ್ಲಿ ಆ ಸ್ಥಾನವನ್ನು ತುಂಬಿದವರು ಸರೋಜಾದೇವಿಯವರು. ಈ ಜೋಡಿಯ ಚಿತ್ರಗಳು ಇಪ್ಪತ್ತಕ್ಕೂ ಮಿಕ್ಕಿವೆ. ಹಾಗೆಂದು ತಮಿಳಿನಲ್ಲಿ ಅವರಿಗೆ ಗಂಭೀರವಾದ ಪಾತ್ರಗಳೇ ದೊರೆಯಲಿಲ್ಲವೆಂದರೆ ಅನ್ಯಾಯವಾದೀತು. ಭೀಮ್‌ಸಿಂಗ್ ಅವರ ‘ಪಾಲುಂ ಪಳಮುಂ’ ಚಿತ್ರದಲ್ಲಿ, ಕ್ಷಯರೋಗಪೀಡಿತಳಾಗಿ ಗಂಡನಿಂದ ದೂರ ಸರಿದು, ಅವನು ಕುರುಡನಾದ ಮೇಲೆ ಗುರುತು ಕೊಡದೆ ದಾದಿಯಾಗಿ ಅವನ ಸೇವೆಗೆ ಮರಳುವ ಹೆಂಡತಿಯ ಪಾತ್ರ ಇದಕ್ಕೆ ಸಾಕ್ಷಿ. ‘ಪುದಿಯ ಪರವೈ’ಯಲ್ಲಂತೂ, ಕೊಲೆಯ ರಹಸ್ಯವನ್ನು ಬಯಲಿಗೆಳೆಯಲು ಪ್ರೇಮವನ್ನು ನಟಿಸಿ, ಕಡೆಗೆ ಆ ಪ್ರೇಮವು ನಿಜವೇ ಆಗಿಬಿಟ್ಟ ಪೊಲೀಸು ಅಧಿಕಾರಿಣಿಯಾಗಿ, ತಮಗೆ ಸಂದಿದ್ದ ಮುಗ್ಧಕನ್ನಿಕೆಯ ಪ್ರತಿಮೆಯನ್ನೇ ಅವರು ಮುಖವಾಡವಾಗಿ ಬಳಸಿಕೊಂಡರು.

ಇನ್ನು ಕನ್ನಡದ ಕಡೆಗೆ ತಿರುಗೋಣ. ಇಲ್ಲಿನ ಮಾರುಕಟ್ಟೆ ಕಿರಿದು, ಬಂಡವಾಳವು ಅಲ್ಪ. ಆದುದರಿಂದ ನಿರ್ಮಾಪಕರು ವೈಭವಕ್ಕಿಂತ ಹೆಚ್ಚಾಗಿ ಪುರಾಣ, ಇತಿಹಾಸ, ಕಾದಂಬರಿಗಳ ಗೌರವವನ್ನು ನಂಬಿಕೊಂಡಿದ್ದರು. ಬರಹಗಾರರೂ ನಟರೂ ಬಹುಮಂದಿ ವೃತ್ತಿನಾಟಕ ಕಂಪನಿಗಳಿಂದ ಬಂದವರಾದ ಕಾರಣ ಸಂಭಾಷಣೆಯಲ್ಲಿ ರಂಗಭೂಮಿಯ ಗತ್ತು ಉಳಿದುಬಂದಿತ್ತು. ಹೊರಭಾಷೆಗಳಲ್ಲಿ ಹೆಸರು ಮಾಡಿದ ತಾರೆಯೊಬ್ಬಳನ್ನು ಕನ್ನಡಕ್ಕೆ ಕರೆತರುವಾಗ ಕಥೆಯ ಭಾರವನ್ನು ಹೊರುವಂಥ ಪಾತ್ರವನ್ನೇ ಕೊಡಬೇಕೆಂಬ ಭಾವನೆಯೂ ಸಹಜವಾಗಿಯೇ ಇದ್ದೀತು. ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದು ಯಶಸ್ಸು ಪಡೆದಿದ್ದ ಬಿ. ಆರ್. ಪಂತುಲು ಅವರು, ಕನ್ನಡನಾಡಿನಲ್ಲಿಯೂ ಕಂಪನಿ ಸರ್ಕಾರವನ್ನು ಎದುರಿಸಿದ ವೀರಚರಿತ್ರೆಯೊಂದನ್ನು ತೆರೆಗೆ ತರಹೊರಟು 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ವನ್ನು ನಿರ್ಮಿಸಿದರು. ಮಲ್ಲಸರ್ಜನಾಗಿ ರಾಜಕುಮಾರ್, ಹಿರಿಯ ರಾಣಿ ರುದ್ರಮ್ಮನಾಗಿ ಎಂ. ವಿ. ರಾಜಮ್ಮನವರು ಇದ್ದ ಆ ಚಿತ್ರದ ಮುಖ್ಯ ಹೊಣೆ ಮಾತ್ರ 23ರ ಪ್ರಾಯದ ಸರೋಜಾದೇವಿಯವರ ಮೇಲಿತ್ತು.

ಇತಿಹಾಸದ ಚೆನ್ನಮ್ಮ 1824ರಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದಾಗ ಆಕೆ ಯೌವನವನ್ನು ದಾಟಿದ್ದ ವಿಧವೆ. ದತ್ತು ಸ್ವೀಕಾರವನ್ನು ಕಂಪನಿಯವರು ಮನ್ನಿಸದಿದ್ದುದೇ ಸಮರಕ್ಕೆ ಕಾರಣವಾಗಿತ್ತು. ಹೀಗೆ ನವವಧುವಿನ ಲಜ್ಜೆಯಿಂದ ಮೊದಲ್ಗೊಂಡು ವೈಧವ್ಯದ ಗಾಂಭೀರ್ಯ, ರಾಜ್ಯಭಾರದ ದಾರ್ಢ್ಯ, ಬೈಲಹೊಂಗಲದ ಸೆರೆಯವರೆಗೂ ಒಂದು ಸಂಪೂರ್ಣ ಜೀವಮಾನವನ್ನು ಎಳೆಯ ನಟಿಯೊಬ್ಬಳು ಮೂರು ಗಂಟೆಗಳ ಅವಧಿಯಲ್ಲಿ ಬದುಕಿ ತೋರಿಸಬೇಕಾಗಿತ್ತು. ತಮಿಳಿನಲ್ಲಿ ಯಾವ ಕಂಠವು ಮಾತನ್ನು ಮೊಟಕುಗೊಳಿಸುತ್ತಿತ್ತೋ ಅದೇ ಕಂಠವು ಇಲ್ಲಿ ತಾಯ್ನುಡಿಯ ಆಸರೆಯನ್ನು ಪಡೆದು ಉದ್ದುದ್ದದ ವಾಕ್ಯಗಳನ್ನು ಏರಿಳಿತ ತಪ್ಪದಂತೆ ನಿರ್ವಹಿಸಿತು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕಚ್ಚೆ ಸೀರೆಯುಟ್ಟು ರಟ್ಟಿನ ಖಡ್ಗ ಹಿಡಿದ ಹುಡುಗಿಯರು ಇಂದಿಗೂ ಒಪ್ಪಿಸುವ ಚೆನ್ನಮ್ಮನ ಮಾತಿನ ಧಾಟಿಯು ಬಹುಪಾಲು ಆ ಚಿತ್ರದಿಂದ ಬಂದದ್ದು. ಚರಿತ್ರೆಯ ರಾಣಿ ಹೇಗೆ ಮಾತನಾಡುತ್ತಿದ್ದಳೋ ನಾವರಿಯೆವು, ಆದರೆ ಸರೋಜಾದೇವಿಯವರು ಮಾತನಾಡಿದ ರೀತಿಯೇ ಆಕೆಯ ರೀತಿಯೆಂದು ಕನ್ನಡದ ಮಕ್ಕಳು ನಂಬಿದ್ದಾರೆ.

ಇದರ ಅನಂತರವೂ ಕನ್ನಡದ ಪಾತ್ರಗಳು ಇದೇ ಜಾಡಿನಲ್ಲಿ ಮುಂದುವರಿದುವು. 1964ರಲ್ಲಿ ಬಿ. ಎಸ್. ರಂಗಾ ಅವರು ಕನ್ನಡದ ಮೊತ್ತಮೊದಲ ಪೂರ್ಣ ವರ್ಣಚಿತ್ರವೆನಿಸಿದ ‘ಅಮರಶಿಲ್ಪಿ ಜಕಣಾಚಾರಿ’ಯನ್ನು ತೆಗೆದಾಗ ಕಲ್ಯಾಣ್‌ಕುಮಾರರಿಗೆ ಜೊತೆಯಾದವರು ಇವರೇ. 1969ರಲ್ಲಿ ಪುಟ್ಟಣ್ಣ ಕಣಗಾಲರು ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿಯನ್ನು ‘ಮಲ್ಲಮ್ಮನ ಪವಾಡ’ವಾಗಿಸಿದರು. ಲೋಕವ್ಯವಹಾರವನ್ನರಿಯದ ಮುಗ್ಧನಾದ ಗಂಡನನ್ನು ತಿದ್ದಿ, ಮಲತಾಯಿಯ ಕುಟಿಲಕ್ಕೆ ಎದುರು ನಿಂತು, ಮನೆಯನ್ನು ಉಳಿಸುವ ವಿದ್ಯಾವಂತ ಸೊಸೆಯ ಆ ಪಾತ್ರದಲ್ಲಿ ಅಬ್ಬರವಿಲ್ಲದ ಸ್ಥೈರ್ಯವೊಂದನ್ನು ಅವರು ತೋರಿದರು. ಪುರುಷನಿಗೆ ವಿವೇಕವನ್ನು ಕಲಿಸುವವಳು ಇಲ್ಲಿ ನಾಯಿಕೆಯೇ. ತಮಿಳಿನ ಜನಪ್ರಿಯ ಸೂತ್ರವು ಸಂಪೂರ್ಣವಾಗಿ ತಿರುವುಮುರುವಾದಂತಾಯಿತು. 1977ರ ‘ಬಬ್ರುವಾಹನ’ದಲ್ಲಿ ರಾಜಕುಮಾರರು ಅರ್ಜುನನೂ ಬಬ್ರುವಾಹನನೂ ಆಗಿ ನಟಿಸಿದುದರಿಂದ, ಚಿತ್ರಾಂಗದೆಯಾದ ಸರೋಜಾದೇವಿಯವರು ಒಬ್ಬನೇ ನಟನಿಗೆ ಪತ್ನಿಯೂ ತಾಯಿಯೂ ಆಗಿ ಎರಡು ಬಗೆಯ ಭಾವಗಳನ್ನು ಬೇರ್ಪಡಿಸಿ ತೋರಿಸಬೇಕಾಯಿತು. ನಲವತ್ತರ ಸಮೀಪದಲ್ಲಿದ್ದ ನಾಯಕಿಯು ತಾಯಿಯ ಪಾತ್ರಕ್ಕೆ ದಾಟಿಕೊಂಡುದು ಹೀಗೆ, ಮರ್ಯಾದೆಗೆ ಕುಂದಿಲ್ಲದ ಹಾದಿಯಿಂದ.

ವೃತ್ತಿಯ ಹಿನ್ನೆಲೆಯಲ್ಲಿದ್ದ ವೈಯಕ್ತಿಕ ಜೀವನವನ್ನು ಕುರಿತು ಎರಡು ಮಾತು ಸಾಕು. ತೋಳಿಲ್ಲದ ರವಿಕೆಯನ್ನಾಗಲಿ ಈಜುಡುಗೆಯನ್ನಾಗಲಿ ತೊಡಕೂಡದೆಂದು ತಾಯಿ ವಿಧಿಸಿದ್ದ ಕಟ್ಟಳೆಯನ್ನು ತಾವು ಮೀರಲಿಲ್ಲವೆಂದು ಅವರು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. 1967ರಲ್ಲಿ ಇಂಜಿನಿಯರ್ ಶ್ರೀಹರ್ಷ ಅವರೊಡನೆ ವಿವಾಹವಾಯಿತು. ಮದುವೆಯಾದೊಡನೆ ನಾಯಿಕೆಯರ ವೃತ್ತಿಗೆ ತೆರೆ ಬೀಳುತ್ತಿದ್ದ ಆ ಕಾಲದಲ್ಲಿಯೂ ಅವರು ನಟನೆಯನ್ನು ಬಿಡಲಿಲ್ಲ. ‘ಮಲ್ಲಮ್ಮನ ಪವಾಡ’ವೂ ‘ಬಬ್ರುವಾಹನ’ವೂ ವಿವಾಹಾನಂತರದ ಚಿತ್ರಗಳೆಂಬುದನ್ನು ನೆನೆದರೆ, ಕನ್ನಡಕ್ಕೆ ಅವರ ಪ್ರೌಢಿಮೆ ದೊರೆತದ್ದು ಆ ನಿರ್ಧಾರದ ಫಲವೆಂದು ಹೇಳಬೇಕಾಗುತ್ತದೆ. 1986ರಲ್ಲಿ ಪತಿಯನ್ನು ಕಳೆದುಕೊಂಡ ಬಳಿಕವೂ ಆಗೀಗ ತೆರೆಯ ಮೇಲೆ ಕಾಣಿಸಿಕೊಂಡರು. 2019ರ ‘ನಟಸಾರ್ವಭೌಮ’ದಲ್ಲಿ, ತಾವು ಜೋಡಿಯಾಗಿ ನಟಿಸಿದ್ದ ರಾಜಕುಮಾರರ ಮಗ ಪುನೀತ್ ನಾಯಕನಾಗಿದ್ದ ಚಿತ್ರದಲ್ಲಿ, ಕಿರಿಯ ಪೀಳಿಗೆಯೂ ಅವರನ್ನು ಕಂಡಿತು.

ಮನ್ನಣೆಗಳಿಗೆ ಕೊರತೆಯಾಗಲಿಲ್ಲ. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಸಂದುವು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ತೀರ್ಪುಗಾರರ ಮಂಡಲಿಗೆ ಅವರು ಅಧ್ಯಕ್ಷೆಯಾಗಿದ್ದರು. ಮರಣಾನಂತರ ಕರ್ನಾಟಕ ಸರ್ಕಾರವು ‘ಕರ್ನಾಟಕ ರತ್ನ’ವನ್ನು ಘೋಷಿಸಿತು. ‘ಅಭಿನಯ ಸರಸ್ವತಿ’ಯೆಂಬ ಬಿರುದಂತೂ ಹೆಸರಿನ ಅಂಗವೇ ಆಗಿತ್ತು.

ಅವರ ಅಭಿನಯಕ್ಕೆ ದೋಷವನ್ನು ಎಣಿಸುವವರು ಇಲ್ಲದಿಲ್ಲ. ತಮಿಳಿನಲ್ಲಿ ರೂಢಿಯಾದ ಮುದ್ದುಮಾತಿನ ಸ್ವರವು ಒಮ್ಮೊಮ್ಮೆ ಕನ್ನಡದ ಪಾತ್ರಗಳಿಗೂ ನುಸುಳಿಬಂದುದುಂಟು. ಅಲಂಕಾರದ ಮೇಲಣ ಅಕ್ಕರೆಯು ಬಡಹೆಣ್ಣಿನ ಪಾತ್ರಗಳ ಸಹಜತೆಯನ್ನು ತಿಂದುದೂ ಉಂಟು. ಆದರೆ ಸುಮಾರು 200 ಚಿತ್ರಗಳ ರಾಶಿಯನ್ನು ಒಟ್ಟಾಗಿ ನೋಡಿದಾಗ, ನಟಿಯೊಬ್ಬಳ ಪ್ರತಿಭೆಯು ಎಷ್ಟು ಬಗೆಯಲ್ಲಿ ಪ್ರಕಟಗೊಳ್ಳುತ್ತದೆಂಬುದನ್ನು ಆಕೆಯ ಶಕ್ತಿಯೊಂದೇ ನಿರ್ಧರಿಸುವುದಿಲ್ಲವೆಂಬ ಸತ್ಯವು ಸ್ಪಷ್ಟವಾಗುತ್ತದೆ. ಸಂಪನ್ನವಾದ ತಮಿಳು ಚಿತ್ರೋದ್ಯಮವು ಅವರಿಗೆ ಐಶ್ವರ್ಯವನ್ನೂ ಅಪಾರ ಜನಪ್ರೀತಿಯನ್ನೂ ಕೊಟ್ಟು ನಾಯಕನ ಮಗ್ಗುಲಲ್ಲಿ ನಿಲ್ಲಿಸಿತು. ಬಡವಾದ ಕನ್ನಡ ಚಿತ್ರೋದ್ಯಮವು ಅಷ್ಟನ್ನು ಕೊಡಲಾರದೆ, ಸಿಂಹಾಸನವನ್ನೂ ಖಡ್ಗವನ್ನೂ ಮನೆಯ ಬೀಗದ ಕೈಯನ್ನೂ ಕೊಟ್ಟು ಕಥೆಯ ನಡುವೆ ಕೂರಿಸಿತು. ಎರಡನ್ನೂ ಸ್ವೀಕರಿಸಿ ಒಂದರಿಂದ ಗಳಿಸಿದ ಹೆಸರನ್ನು ಇನ್ನೊಂದಕ್ಕೆ ಬಲವಾಗಿ ಬಳಸಿದುದು ಸರೋಜಾದೇವಿಯವರ ಜಾಣ್ಮೆ. ಕೈಯಲ್ಲಿ ಹಣವಿಲ್ಲದ ದಿನಗಳಲ್ಲಿಯೂ ಹೆಣ್ಣಿಗೆ ಇಂಥ ಪಾತ್ರಗಳನ್ನು ಬರೆದುದು ಅಂದಿನ ಕನ್ನಡ ಚಿತ್ರರಂಗದ ಹಿರಿಮೆ. ಬಂಡವಾಳವೂ ಮಾರುಕಟ್ಟೆಯೂ ಹತ್ತಾರು ಮಡಿ ಬೆಳೆದಿರುವ ಇಂದಿನ ದಿನಗಳಲ್ಲಿ ನಮ್ಮ ನಾಯಿಕೆಯರಿಗೆ ಅಂಥ ಪಾತ್ರಗಳು ಎಷ್ಟು ದೊರೆಯುತ್ತಿವೆಯೆಂಬುದನ್ನು, ಅವರನ್ನು ಸ್ಮರಿಸುವ ಚಿತ್ರೋದ್ಯಮಿಗಳು ತಮ್ಮನ್ನು ತಾವೇ ಕೇಳಿಕೊಳ್ಳುವುದು ಉಚಿತ.