ಮನೆಯ ವಿಮೆ: ಮೌಲ್ಯವೆಷ್ಟು, ಕಂತೆಷ್ಟು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಜೀವಮಾನದ ದುಡಿಮೆಯನ್ನೆಲ್ಲ ಸುರಿದು ಕಟ್ಟಿಸಿದ ಮನೆಗೆ ನಾವು ವಾಸ್ತು ನೋಡುತ್ತೇವೆ, ಗೃಹಪ್ರವೇಶ ನೆರವೇರಿಸುತ್ತೇವೆ. ಆದರೆ ವಿಮೆಯ ವಿಚಾರ ಬಂದಾಗ ‘ದುಬಾರಿಯಾದೀತು’ ಎಂದು ಸುಮ್ಮನಾಗುತ್ತೇವೆ. ಈ ಅಂಜಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಲಿನ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ಮನೆಗಳು ಕುಸಿದು ಸಾವಿರಾರು ಜನ ಅಸುನೀಗಿದರು. 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕ ನೆರೆಗೆ ತುತ್ತಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಮನೆಗಳು ಮತ್ತೆ ನೀರುಪಾಲಾದವು. ಸರ್ಕಾರದ ಪರಿಹಾರವು ಆಸರೆಯಾಗುತ್ತದೆಯೇ ಹೊರತು ಕಳೆದುಹೋದ ಮನೆಗೆ ಸಮನಾಗುವುದಿಲ್ಲ.

ಮೌಲ್ಯದ ಲೆಕ್ಕ

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ನೀಡುತ್ತಿವೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ ಮೊದಲಾದವುಗಳಿಂದಾಗುವ ಹಾನಿಗೆ ಇದರಲ್ಲಿ ರಕ್ಷಣೆಯುಂಟು.

ನಿವೇಶನದ ಬೆಲೆಯನ್ನು ಇಲ್ಲಿ ಸೇರಿಸಬಾರದು, ನೆಲ ಸುಟ್ಟುಹೋಗುವುದಿಲ್ಲ. ಅದೇ ಮನೆಯನ್ನು ಇಂದು ಮತ್ತೆ ಕಟ್ಟಲು ತಗಲುವ ವೆಚ್ಚವೇ ವಿಮಾ ಮೊತ್ತ. ಉದಾಹರಣೆಗೆ, ಮನೆಯ ಒಳವಿಸ್ತೀರ್ಣ 1,000 ಚದರಡಿ, ಕಟ್ಟುವ ವೆಚ್ಚ ಚದರಡಿಗೆ ರೂ. 2,000 ಎಂದಾದರೆ ಕಟ್ಟಡದ ಮೊತ್ತ ರೂ. 20 ಲಕ್ಷ. ಪಾತ್ರೆ, ಪೀಠೋಪಕರಣ, ಟಿ.ವಿ. ಮುಂತಾದ ಸಾಮಾನುಗಳಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ ರೂ. 10 ಲಕ್ಷದವರೆಗೆ, ತಾನಾಗಿಯೇ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ರೂ. 4 ಲಕ್ಷ, ಒಟ್ಟು ರೂ. 24 ಲಕ್ಷ. ಬಾಡಿಗೆ ಮನೆಯಲ್ಲಿರುವವರು ಸಾಮಾನುಗಳಿಗೆ ಮಾತ್ರ ವಿಮೆ ಮಾಡಿಸಬಹುದು.

ಕಂತಿನ ಲೆಕ್ಕ

ಕಂತನ್ನು ಸಾವಿರಕ್ಕೆ ಇಷ್ಟೆಂದು ಗುಣಿಸುತ್ತಾರೆ. ಲೆಕ್ಕಕ್ಕಾಗಿ ಸಾವಿರಕ್ಕೆ 50 ಪೈಸೆ ಎಂದು ಹಿಡಿದರೆ ರೂ. 24 ಲಕ್ಷಕ್ಕೆ ವರ್ಷಕ್ಕೆ ರೂ. 1,200; ಅದರ ಮೇಲೆ ಜಿ.ಎಸ್.ಟಿ. ಅಂದರೆ ತಿಂಗಳಿಗೆ ನೂರು ರೂಪಾಯಿಯ ಆಸುಪಾಸು. ನಿಜವಾದ ದರವು ಊರು, ಭೂಕಂಪನ ವಲಯ, ಗೋಡೆ ಮತ್ತು ಛಾವಣಿಯ ಬಗೆ, ಕಂಪನಿ ಇವುಗಳಿಗನುಸಾರ ಬೇರೆಯಾಗುತ್ತದೆ. ಆದುದರಿಂದ ಎರಡು ಮೂರು ಕಡೆ ವಿಚಾರಿಸಿ ಹೋಲಿಸುವುದು ಲೇಸು. ಪಾಲಿಸಿಯನ್ನು 10 ವರ್ಷಗಳವರೆಗೆ ಪಡೆಯಬಹುದು. ಬಹುವರ್ಷದ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತವು ಪ್ರತಿ ವರ್ಷ ಶೇ. 10ರಂತೆ ಏರುತ್ತ ಹೋಗುತ್ತದೆ.

ಎಚ್ಚರ ವಹಿಸಬೇಕಾದ ಅಂಶಗಳು

ಕಂತು ಉಳಿಸಲೆಂದು ಮೌಲ್ಯವನ್ನು ಕಡಿಮೆ ತೋರಿಸುವವರುಂಟು. ಹಿಂದೆ ರೂ. 20 ಲಕ್ಷದ ಮನೆಗೆ ರೂ. 10 ಲಕ್ಷದ ವಿಮೆ ಇದ್ದರೆ, ರೂ. 4 ಲಕ್ಷದ ಹಾನಿಗೆ ರೂ. 2 ಲಕ್ಷವಷ್ಟೇ ಕೈಸೇರುತ್ತಿತ್ತು. ಈ ಪಾಲಿಸಿಯಲ್ಲಿ ಅಂತಹ ಕಡಿತವಿಲ್ಲ. ಆದರೂ ಮನೆ ಪೂರ್ತಿ ನಾಶವಾದರೆ ವಿಮೆ ಮಾಡಿಸಿದ ಮೊತ್ತಕ್ಕಿಂತ ಹೆಚ್ಚು ದೊರೆಯದು.

ಸಹಜ ಸವೆತಕ್ಕೆ ಪರಿಹಾರವಿಲ್ಲ. ಬಂಗಾರದ ಒಡವೆಗಳನ್ನು ಪ್ರತ್ಯೇಕವಾಗಿ ಘೋಷಿಸಿಯೇ ಸೇರಿಸಬೇಕು. ಕಳವಿನ ರಕ್ಷಣೆಯು ವಿಮೆಗೊಳಪಟ್ಟ ದುರ್ಘಟನೆಯಿಂದಾಗಿ ಏಳು ದಿನಗಳೊಳಗೆ ಆಗುವ ಕಳವಿಗೆ ಸೀಮಿತ. ಸಾಮಾನ್ಯ ಕನ್ನಗಳವಿಗೆ ಬೇರೆ ವಿಮೆ ಬೇಕು. ಗೃಹಸಾಲ ಪಡೆದವರು, ಬ್ಯಾಂಕಿನ ಮೂಲಕ ಮಾಡಿಸಿದ ವಿಮೆಯು ಸಾಲದ ಮೊತ್ತಕ್ಕೆ ಮಾತ್ರವೋ ಇಡೀ ಕಟ್ಟಡಕ್ಕೋ ಎಂಬುದನ್ನು ಕೇಳಿ ತಿಳಿಯಬೇಕು.

ಪಾಲಿಸಿಯ ಪ್ರತಿ, ಸಾಮಾನುಗಳ ಪಟ್ಟಿ ಹಾಗೂ ಮನೆಯ ಛಾಯಾಚಿತ್ರಗಳನ್ನು ಬೇರೆ ಊರಿನ ಬಂಧುಗಳ ಬಳಿಯೂ ಇರಿಸಬೇಕು. ಮನೆಯೇ ಹೋದಾಗ ಅದರೊಳಗಿನ ಕಾಗದ ಉಳಿಯುವುದಿಲ್ಲ. ಬರುವ ಮುಂಗಾರಿಗೆ ಮೊದಲೇ ಮನೆಮಂದಿಯೆಲ್ಲ ಕುಳಿತು ಈ ಲೆಕ್ಕ ಹಾಕಲೆಂಬುದು ನಮ್ಮ ವಿನಂತಿ. ಕಾಯಕದಿಂದ ಗಳಿಸಿದ್ದನ್ನು ಕಾಯ್ದುಕೊಳ್ಳುವುದೂ ಗೃಹಸ್ಥರ ಕರ್ತವ್ಯವೇ ಆಗಿದೆ.