ಗಟಾರ ಸೇರುವ ಕರೆಂಟು

ಹುಬ್ಬಳ್ಳಿ-ಧಾರವಾಡದ ಎಷ್ಟೋ ಅಡುಗೆಮನೆಗಳ ಗೋಡೆ ಮೇಲೆ ಆರ್‌ಓ ಯಂತ್ರ ಇದೆ. ಅದರಿಂದ ಸಣ್ಣ ಪೈಪೊಂದು ಸಿಂಕಿಗೆ ಇಳಿದಿರುತ್ತೆ. ಇವತ್ತು ನಾನು ಹೇಳೋದು ಆ ಪೈಪಿನ ಲೆಕ್ಕ.

ನೋಡಿ, ಈ ಯಂತ್ರ ತೆಳ್ಳನೆಯ ಪರದೆಯೊಂದರ ಮೇಲೆ ನೀರನ್ನು ಒತ್ತಡದಿಂದ ದೂಡುತ್ತದೆ. ಪರದೆ ದಾಟಿದ್ದು ಕುಡಿಯೋಕೆ. ಉಪ್ಪಿನ ಸಮೇತ ಉಳಿದದ್ದು ಹೊರಗೆ. ಕರೆಂಟು ಮುಖ್ಯವಾಗಿ ಖರ್ಚಾಗೋದೇ ಈ ಒತ್ತಡಕ್ಕೆ. ಸಾಮಾನ್ಯವಾಗಿ ಒಂದು ಲೀಟರ್ ಸಿಕ್ಕರೆ ಮೂರು ಲೀಟರ್ ಚೆಲ್ಲಿಹೋಗುತ್ತದೆ. ಅಂದ್ರೆ ಪಂಪು ಒತ್ತಿದ್ದು ನಾಲ್ಕು, ನೀವು ಕುಡಿದದ್ದು ಒಂದು. ಮುಕ್ಕಾಲು ಪಾಲು ಕೆಲಸ ಗಟಾರಕ್ಕೆ!

ಆ ನೀರಾದರೂ ಪುಕ್ಕಟೆ ಬಂದದ್ದಾ? ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭಾ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 634 ಮೀಟರ್. ಧಾರವಾಡ ಇರೋದು 700 ಮೀಟರ್‌ಗಿಂತ ಮೇಲೆ. ಪಂಪು ಹಚ್ಚಿ ಏರಿಸಿ, ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿ ನಳಕ್ಕೆ ಬಿಟ್ಟ ನೀರದು. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತೋಕೆ ಕಡಿಮೆ ಅಂದ್ರೂ ಕಾಲು ಯೂನಿಟ್ ಮೇಲೇ ಕರೆಂಟು ಬೇಕು.

ಹಾಗಾದ್ರೆ ನಳದ ನೀರಿಗೆ ಆರ್‌ಓ ಬೇಕಾ? ಮೊದಲು ಟಿಡಿಎಸ್ ಅಳೆಸಿ. ಟಿಡಿಎಸ್ ಅಂದ್ರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ. ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು ಅನ್ನುತ್ತೆ ಭಾರತೀಯ ಮಾನದಂಡ. ಅದಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಿ ಅಂತ 2019ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೇಂದ್ರ ಸರ್ಕಾರಕ್ಕೆ ಹೇಳಿತ್ತು. ರೋಗಾಣುಗಳ ಭಯವಿದ್ದರೆ ಸೋಸಿ ಕುದಿಸಿದರೆ ಸಾಕು. ಆದರೆ ಫ್ಲೋರೈಡ್ ಇದೆಯೋ ಇಲ್ಲವೋ ಟಿಡಿಎಸ್ ಮೀಟರ್ ಹೇಳಲ್ಲ. ಬೋರ್ ನೀರಾದರೆ ಪ್ರಯೋಗಾಲಯದಲ್ಲೇ ಪರೀಕ್ಷೆ ಮಾಡಿಸಬೇಕು.

ಆರ್‌ಓನೇ ಬೇಡ ಅಂತ ನಾನು ಹೇಳ್ತಿಲ್ಲ. ಸವಳು ಬೋರ್ ಬಿಟ್ಟು ಬೇರೆ ಗತಿಯಿಲ್ಲದ ಹಳ್ಳಿಗೆ ಶುದ್ಧ ನೀರಿನ ಘಟಕವೇ ಆಸರೆ. ಉಳಿತಾಯ ಸಾಧ್ಯ ಇರೋದೂ ಅಲ್ಲೇ. ಹೊರಬೀಳುವ ನೀರಿನಲ್ಲಿ ಇನ್ನೂ ಒತ್ತಡ ಇರುತ್ತೆ. ಅದನ್ನು ಇನ್ನೊಂದು ಪರದೆಗೆ ಹಾಯಿಸಿದರೆ ಮತ್ತಷ್ಟು ಸಿಹಿನೀರು ಸಿಗುತ್ತೆ. ನಾಲ್ಕಕ್ಕೆ ಒಂದು ಸಿಗುವಲ್ಲಿ ಎರಡು ಸಿಕ್ಕರೆ, ಲೀಟರಿಗೆ ತಗಲುವ ಕರೆಂಟು ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತೆ. ಸಮುದ್ರದ ನೀರು ಸಿಹಿ ಮಾಡುವ ದೊಡ್ಡ ಘಟಕಗಳು ಹೊರಹೋಗುವ ಉಪ್ಪುನೀರಿನ ಒತ್ತಡವನ್ನೇ ಹಿಡಿದು ಒಳಬರುವ ನೀರಿಗೆ ಕೊಡುತ್ತವೆ. ಆದರೆ ಅತಿಯಾಸೆ ಬೇಡ. ಮಿತಿಮೀರಿ ಹಿಂಡಿದರೆ ಪರದೆ ಮೇಲೆ ಸುಣ್ಣ ಕಟ್ಟುತ್ತದೆ. ಪರದೆ ಕಟ್ಟಿಕೊಂಡಷ್ಟೂ ಪಂಪು ಹೆಚ್ಚು ಒತ್ತಬೇಕು, ಬಿಲ್ ಏರುತ್ತೆ. ಹಾಗಾಗಿ ಕಾಲಕಾಲಕ್ಕೆ ಪರದೆ ತೊಳೆಯೋದು, ಫಿಲ್ಟರ್ ಬದಲಿಸೋದು ಕೂಡ ಕರೆಂಟು ಉಳಿಸೋ ಕೆಲಸವೇ.

ಬಿಲ್ ಕಟ್ಟಲಾಗದೆ ಘಟಕಕ್ಕೆ ಬೀಗ ಬಿದ್ದರೆ ಆ ಊರು ಮತ್ತೆ ಸವಳು ನೀರನ್ನೇ ಕುಡಿಯಬೇಕು. ಅದಕ್ಕೇ ಹೇಳ್ತೀನಿ: ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ. ನಮ್ಮ ಘಟಕಕ್ಕೆ ಎಷ್ಟು ಲೀಟರ್ ನೀರು ಹೋಗ್ತದರೀ? ಎಷ್ಟು ಲೀಟರ್ ಕುಡಿಯಾಕ ಸಿಗ್ತದ? ಎಷ್ಟು ಯೂನಿಟ್ ಸುಡ್ತದ?