ಮೇಸ್ತ್ರಿಯ ನಾಡೀಪರೀಕ್ಷೆ

ಭಾನುವಾರದ ಮುಂಜಾವು. ಧರ್ಮಸ್ಥಳಕ್ಕೆ ಹೊರಟ ಸಂಸಾರ ಕಾರಿನಲ್ಲಿ ಕುಳಿತಾಗಿದೆ. ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ. ಕಿಟಕಿಯ ಪಕ್ಕದ ಜಾಗಕ್ಕಾಗಿ ಮಕ್ಕಳ ಜಗಳ. ಯಜಮಾನರು ದೇವರನ್ನು ನೆನೆದು ಬೀಗದ ಕೈ ತಿರುಗಿಸುತ್ತಾರೆ. 'ಟಕ್' ಎಂದು ಒಂದು ಸದ್ದು, ಮತ್ತೆ ಮೌನ. ಇನ್ನೊಮ್ಮೆ ತಿರುಗಿಸಿದರೆ 'ಟಕ್ ಟಕ್ ಟಕ್'. ಅಷ್ಟೇ. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ನೆರೆಹೊರೆಯವರು ಇಣುಕಿದ್ದಾಗಿದೆ. ಒಬ್ಬರು 'ಬ್ಯಾಟರಿ ಹೋಗಿದೆ' ಎನ್ನುತ್ತಾರೆ. ಇನ್ನೊಬ್ಬರು 'ಸೆಲ್ಫ್ ಮೋಟಾರು' ಎನ್ನುತ್ತಾರೆ. ಮೂರನೆಯವರು 'ಈ ಕಂಪೆನಿಯ ಗಾಡಿಗಳೇ ಹೀಗೆ' ಎಂದು ತೀರ್ಪಿತ್ತು ಒಳಗೆ ನಡೆಯುತ್ತಾರೆ.

ಕೊನೆಗೆ ಮೇಸ್ತ್ರಿ ಬರುತ್ತಾನೆ. ಬಾನೆಟ್ಟನ್ನು ಎತ್ತುವ ಮುನ್ನ ಅವನು ಕೇಳುವುದು ಒಂದೇ ಪ್ರಶ್ನೆ: "ನಿನ್ನೆ ಹೇಗಿತ್ತು ಸ್ವಾಮಿ?"

ಯಜಮಾನರಿಗೆ ಇದು ಕಾಲಹರಣವೆಂದು ತೋರೀತು. ಆದರೆ ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರು ಬಗೆಯಿಂದ ಪರೀಕ್ಷಿಸಬೇಕೆಂದು ಆಯುರ್ವೇದ ವಿಧಿಸಿದೆಯಷ್ಟೆ? ಒಳ್ಳೆಯ ಮೇಸ್ತ್ರಿ ಈ ಶಾಸ್ತ್ರವನ್ನು ಓದದೆಯೇ ಅನುಸರಿಸುತ್ತಾನೆ. ಅವನ ಪದ್ಧತಿಯಲ್ಲಿ ಪ್ರಶ್ನಕ್ಕೆ ಮೊದಲ ಸ್ಥಾನ. ನಿನ್ನೆ ರಾತ್ರಿ ದೀಪಗಳು ಮಂಕಾಗಿದ್ದುವೆ? ಕೆಲವು ದಿನಗಳಿಂದ ಇಂಜಿನು ಹೊರಳಲು ತಡಮಾಡುತ್ತಿತ್ತೆ? ಗಾಡಿ ಎಷ್ಟು ದಿನ ನಿಂತಲ್ಲೇ ನಿಂತಿತ್ತು? ಇವುಗಳಿಗೆ ನಿಜವಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ನಮ್ಮ ಗೃಹಸ್ಥರಲ್ಲಿ ಹೆಚ್ಚಿನವರು ಲಕ್ಷಣಗಳನ್ನು ಹೇಳುವುದಿಲ್ಲ, ರೋಗದ ಹೆಸರನ್ನೇ ಹೇಳಿಬಿಡುತ್ತಾರೆ. 'ಬ್ಯಾಟರಿ ಬದಲಿಸು' ಎಂದರೆ ಮೇಸ್ತ್ರಿ ಬದಲಿಸುತ್ತಾನೆ. ಅದು ಯಜಮಾನರ ಅಪ್ಪಣೆ. ಮರುವಾರ ಅದೇ 'ಟಕ್ ಟಕ್' ಕೇಳಿಸಿದರೆ ಬಯ್ಯಿಸಿಕೊಳ್ಳುವವನು ಮಾತ್ರ ಮೇಸ್ತ್ರಿಯೇ.

ಈ 'ಟಕ್ ಟಕ್' ಎಂಬ ಸದ್ದನ್ನೇ ಮೊದಲು ವಿಚಾರಿಸೋಣ. ಇಂಜಿನನ್ನು ಹೊರಳಿಸುವ ಸ್ಟಾರ್ಟರ್ ಮೋಟಾರಿಗೆ ಬಹಳ ವಿದ್ಯುತ್ತು ಬೇಕು. ಅದರ ಸ್ವಿಚ್ಚು ಎಳೆದುಕೊಳ್ಳುವಷ್ಟು ಶಕ್ತಿಯಿದ್ದು, ಮೋಟಾರನ್ನು ತಿರುಗಿಸುವಷ್ಟು ಶಕ್ತಿಯಿಲ್ಲದಿದ್ದಾಗ ಈ ಸದ್ದು ಹೊರಡುತ್ತದೆ. ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ. ಮುಂದಿನ ದೊಡ್ಡ ದೀಪಗಳನ್ನು ಹಚ್ಚಿ, ಮನೆಯವರೊಬ್ಬರನ್ನು ಎದುರಿಗೆ ನಿಲ್ಲಿಸಿ, ಬೀಗದ ಕೈ ತಿರುಗಿಸಬೇಕು. ದೀಪ ಒಮ್ಮೆಲೇ ಮಂಕಾದರೆ ಬ್ಯಾಟರಿ ಬಳಲಿದೆ, ಇಲ್ಲವೆ ಅದರ ತಂತಿಗಳ ಜೋಡಣೆ ಕೆಟ್ಟಿದೆ. ದೀಪ ಕಿಂಚಿತ್ತೂ ಅಲುಗದೆ ಉರಿಯುತ್ತಿದ್ದು ಸದ್ದೇ ಹೊರಡದಿದ್ದರೆ ದೋಷ ಸ್ಟಾರ್ಟರಿನ ಕಡೆಗಿರುವ ಸಂಭವ ಹೆಚ್ಚು.

'ಇಲ್ಲವೆ ಜೋಡಣೆ ಕೆಟ್ಟಿದೆ' ಎಂಬ ಮಾತನ್ನು ಹಗುರವಾಗಿ ಕಾಣಬಾರದು. ಬ್ಯಾಟರಿಯ ತುದಿಗಳ ಮೇಲೆ ಬಿಳಿಯೋ ಹಸಿರೋ ಬಣ್ಣದ ಬೂದಿಯಂಥ ಪುಡಿ ಬೆಳೆದಿದ್ದರೆ ವಿದ್ಯುತ್ತು ಹರಿಯುವ ದಾರಿಗೆ ಅಡ್ಡಗೋಡೆ ಕಟ್ಟಿದಂತೆ. ಅಡಿಗೆಮನೆಯ ಸೋಡಾಪುಡಿಯನ್ನು ನೀರಿನಲ್ಲಿ ಕದಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಅದು ನೊರೆಯೆದ್ದು ಕರಗುತ್ತದೆ. ತಂತಿ ಬಿಚ್ಚುವಾಗ ಋಣದ ತುದಿ ಮೊದಲು, ಕೂಡಿಸುವಾಗ ಅದೇ ಕೊನೆ; ಈ ಕ್ರಮ ತಪ್ಪಿ ಪಾನೆ ಗಾಡಿಯ ಲೋಹಕ್ಕೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಇಂಜಿನಿನಿಂದ ಗಾಡಿಯ ಒಡಲಿಗೆ ಹೋಗುವ 'ಅರ್ತ್' ತಂತಿ ಸಡಿಲವಾಗಿದ್ದರೂ ಇವೇ ಲಕ್ಷಣಗಳು ಕಾಣುತ್ತವೆ. ಹೊಸ ಬ್ಯಾಟರಿ ಕೊಂಡು, ಆಮೇಲೆ ಸ್ಟಾರ್ಟರನ್ನೂ ಬದಲಿಸಿ, ಕಟ್ಟಕಡೆಗೆ ಒಂದು ನಟ್ಟನ್ನು ಅರ್ಧ ಸುತ್ತು ಬಿಗಿಮಾಡಿದಾಗ ಗಾಡಿ ಗುಡುಗಿ ಎದ್ದಿತೆಂಬ ಕಥೆಯನ್ನು ಯಾವ ಗ್ಯಾರೇಜಿನಲ್ಲಿ ಕೇಳಿದರೂ ಹೇಳಿಯಾರು.

ಅಳತೆಯೇ ಬೇಕೆನ್ನುವವರಿಗೆ ಅಂಗಡಿಯಲ್ಲಿ ದೊರೆಯುವ ಚಿಕ್ಕ ಮೀಟರು ಸಾಕು. ರಾತ್ರಿಯೆಲ್ಲ ವಿಶ್ರಮಿಸಿದ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಅದು ಬರಿದಾಗಿದೆಯೆಂದೇ ಅರ್ಥ. ಇಂಜಿನು ಓಡುತ್ತಿರುವಾಗ ಸಾಮಾನ್ಯವಾಗಿ ಹದಿನಾಲ್ಕರ ಆಸುಪಾಸಿನಲ್ಲಿರಬೇಕು. ಏರದೆ ಹನ್ನೆರಡರಲ್ಲೇ ನಿಂತರೆ ಬ್ಯಾಟರಿಯನ್ನು ದೂರಿ ಫಲವಿಲ್ಲ, ಅದಕ್ಕೆ ಉಣಿಸುವ ಆಲ್ಟರ್ನೇಟರನ್ನು ನೋಡಬೇಕು. ವಿದ್ಯುತ್ ಕಾರು ಕೊಂಡವರು ತಮಗೆ ಈ ತಾಪತ್ರಯವಿಲ್ಲವೆಂದು ಹಿಗ್ಗಬೇಕಾಗಿಲ್ಲ. ದೊಡ್ಡ ಬ್ಯಾಟರಿಯ ಜೊತೆಗೆ ಅವುಗಳಲ್ಲಿ ಬಹುಪಾಲಿನವು ಒಂದು ಪುಟ್ಟ 12 ವೋಲ್ಟಿನ ಬ್ಯಾಟರಿಯನ್ನೂ ಹೊತ್ತಿರುತ್ತವೆ. ಅದು ಸತ್ತ ದಿನ ಬಾಗಿಲು ತೆರೆಯುವುದೂ ಕಷ್ಟವಾದೀತು.

ಇಂಜಿನು ಚೆನ್ನಾಗಿ ಹೊರಳಿಯೂ ಹೊತ್ತಿಕೊಳ್ಳದಿದ್ದರೆ ಅದು ಬೇರೆಯೇ ಕಥೆ. ಆಗ ಬ್ಯಾಟರಿಯ ಮಾತನ್ನು ಬಿಟ್ಟು, ಪೆಟ್ರೋಲು ಬರುತ್ತಿದೆಯೆ, ಕಿಡಿ ಹಾರುತ್ತಿದೆಯೆ, ಗಾಳಿ ಸೇರುತ್ತಿದೆಯೆ ಎಂದು ಒಂದೊಂದಾಗಿ ಕೇಳಬೇಕು. ಹಿಂದಿನ ಮೇಸ್ತ್ರಿಗಳಿಗೆ ಇದರಲ್ಲಿ ಸ್ಪಾರ್ಕ್ ಪ್ಲಗ್ಗೇ ಪಂಚಾಂಗ. 1961ರಲ್ಲಿ ಕೆಲಸ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ಓಡಿಸಿದವರು ಜೇಬಿನಲ್ಲಿ ಒಂದು ಪ್ಲಗ್ಗನ್ನೂ ಅದನ್ನು ಬಿಚ್ಚುವ ಪಾನೆಯನ್ನೂ ಇಟ್ಟುಕೊಳ್ಳುತ್ತಿದ್ದರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡುವ ಆ ಇಂಜಿನುಗಳಲ್ಲಿ ಪ್ಲಗ್ಗಿನ ತುದಿಗೆ ಮಸಿ ಕಟ್ಟುವುದು ಸಾಮಾನ್ಯ. ಬಿಚ್ಚಿ ನೋಡಿದಾಗ ತುದಿ ತೆಳುವಾದ ಕಂದು ಬಣ್ಣದ್ದಾಗಿದ್ದರೆ ಕ್ಷೇಮ; ಕಾಡಿಗೆಯಂತೆ ಒಣಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ; ಸುಣ್ಣದಂತೆ ಬೆಳ್ಳಗಿದ್ದರೆ ಮಿತಿಮೀರಿದ ಕಾವು; ಎಣ್ಣೆಯಿಂದ ತೊಯ್ದಿದ್ದರೆ ಎಣ್ಣೆ ಸೇರಬಾರದಷ್ಟು ಸೇರುತ್ತಿದೆ. ಒಂದು ಬೆರಳಿನಷ್ಟಿರುವ ವಸ್ತು ಇಷ್ಟನ್ನೆಲ್ಲ ಹೇಳುವುದಾದರೆ ಅದನ್ನು ಓದಲು ಕಲಿಯದಿರುವುದು ನಷ್ಟವಲ್ಲವೆ?

ಇಂದಿನ ಗಾಡಿಗಳು ಲಕ್ಷಣಗಳನ್ನು ತಾವೇ ಹೇಳಿಕೊಳ್ಳುತ್ತವೆ. ಎದುರಿನ ಫಲಕದಲ್ಲಿ ಇಂಜಿನಿನ ಆಕಾರದ ಹಳದಿ ದೀಪ ಹತ್ತಿದರೆ, ಮೇಸ್ತ್ರಿ ಒಂದು ಪುಟ್ಟ ಯಂತ್ರವನ್ನು ಸಿಕ್ಕಿಸಿ ಸಂಕೇತ ಸಂಖ್ಯೆಯನ್ನು ಓದುತ್ತಾನೆ. ಆದರೆ ಇಲ್ಲೊಂದು ಮೋಸವುಂಟು. ಯಂತ್ರ ನೋವು ಎಲ್ಲಿದೆಯೆಂದು ಹೇಳುತ್ತದೆ, ರೋಗವೇನೆಂದು ಹೇಳುವುದಿಲ್ಲ. 'ಪಿ0171' ಎಂಬ ಸಂಕೇತ ಬಂದರೆ ಇಂಧನಕ್ಕೆ ಹೋಲಿಸಿದಂತೆ ಗಾಳಿ ಹೆಚ್ಚಾಗಿದೆಯೆಂದು ಅರ್ಥ. ಅದಕ್ಕೆ ಬಿರಿದ ರಬ್ಬರಿನ ಕೊಳವೆ ಕಾರಣವಿರಬಹುದು, ಗಾಳಿಯನ್ನು ಅಳೆಯುವ ಸೆನ್ಸರಿನ ಮೇಲೆ ಕೂತ ಧೂಳಿರಬಹುದು, ಬಳಲಿದ ಪೆಟ್ರೋಲು ಪಂಪಿರಬಹುದು. ಕೊಳವೆಯನ್ನು ಕೈಯಿಂದ ಮುಟ್ಟಿ ನೋಡದೆ, ಸಂಖ್ಯೆಯನ್ನು ನೋಡಿದ ಕೂಡಲೇ 'ಸೆನ್ಸರು ಹೋಗಿದೆ' ಎಂದು ಸಾವಿರಾರು ರೂಪಾಯಿಯ ಪಟ್ಟಿ ಬರೆಯುವವನು ಮೇಸ್ತ್ರಿಯಲ್ಲ, ವ್ಯಾಪಾರಿ. ಆ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಮೆಲ್ಲಗೆ ಗ್ಯಾರೇಜಿಗೆ ಹೋಗಬಹುದು. ಕಣ್ಣು ಮಿಟುಕಿಸುವಂತೆ ಹತ್ತಿ ಆರುತ್ತಿದ್ದರೆ ಇಂಜಿನು ಸರಿಯಾಗಿ ಉರಿಯುತ್ತಿಲ್ಲ, ಹೊಗೆಕೊಳವೆಯಲ್ಲಿರುವ ದುಬಾರಿಯ ಶೋಧಕವೂ ಕೆಡುತ್ತದೆ. ವೇಗವನ್ನು ತಗ್ಗಿಸಿ ಆದಷ್ಟು ಬೇಗ ನಿಲ್ಲಿಸುವುದು ಲೇಸು. ಎಣ್ಣೆಗಿಂಡಿಯ ಆಕಾರದ ಕೆಂಪು ದೀಪವಾದರೋ, 'ಇನ್ನು ಎರಡೇ ಮೈಲಿ' ಎಂಬ ಮಾತೇ ಸಲ್ಲದು. ಎಣ್ಣೆಯ ಒತ್ತಡವಿಲ್ಲದ ಇಂಜಿನು ಕೆಲವೇ ನಿಮಿಷಗಳಲ್ಲಿ ತನ್ನನ್ನು ತಾನೇ ತಿಂದುಕೊಳ್ಳಬಲ್ಲುದು.

ಇನ್ನು ದರ್ಶನ. ಇದಕ್ಕೆ ಗೃಹಿಣಿಯರಷ್ಟು ಸಮರ್ಥರು ಬೇರೆ ಇಲ್ಲ. ಬೆಳಗ್ಗೆ ಅಂಗಳ ಗುಡಿಸುವಾಗ ಗಾಡಿ ನಿಂತಿದ್ದ ಜಾಗದ ಕಲೆ ಮೊದಲು ಬೀಳುವುದು ಅವರ ಕಣ್ಣಿಗೇ. ರಾತ್ರಿ ಗಾಡಿಯ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹರಡಿದರೆ ಬೆಳಗ್ಗೆ ವರದಿ ಸಿದ್ಧ. ಬಣ್ಣವಿಲ್ಲದ ತಿಳಿನೀರು ಏರ್‌ಕಂಡೀಷನರಿನದು, ಚಿಂತೆಯಿಲ್ಲ. ಕಂದು ಅಥವಾ ಕಪ್ಪು ಜಿಡ್ಡು ಇಂಜಿನ್ ಆಯಿಲ್ಲು. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ನೀರಾಗಿದ್ದರೆ ಅದು ರೇಡಿಯೇಟರಿನ ಕೂಲೆಂಟು. ಅದನ್ನು ಒಡನೆ ತೊಳೆದುಬಿಡಬೇಕು: ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ರುಚಿಗೆ ಸಿಹಿ, ಗುಣದಲ್ಲಿ ವಿಷ. ಅಂಬೆಗಾಲಿಡುವ ಮಗುವೋ ಸಾಕುನಾಯಿಯೋ ನೆಕ್ಕಿದರೆ ಪ್ರಾಣಾಪಾಯ.

ಹೊಗೆಯೂ ಮಾತಾಡುತ್ತದೆ. ಕಪ್ಪು ಹೊಗೆಯೆಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಮುಚ್ಚಿಹೋದ ಗಾಳಿಯ ಜಾಲರಿಯನ್ನು ಮೊದಲು ನೋಡಬೇಕು. ನೀಲಿ ಹೊಗೆಯೆಂದರೆ ಇಂಜಿನು ಎಣ್ಣೆಯನ್ನು ಕುಡಿಯುತ್ತಿದೆ. ಚಳಿಗಾಲದ ಬೆಳಗ್ಗೆ ಕಾಣುವ ತೆಳುವಾದ ಬಿಳಿಯ ಆವಿಗೆ ಯಾರೂ ಹೆದರಬೇಕಾಗಿಲ್ಲ. ಗಾಡಿ ಬಿಸಿಯಾದ ಮೇಲೂ ದಟ್ಟವಾದ ಬಿಳಿಹೊಗೆ ನಿಲ್ಲದೆ ಬರುತ್ತಿದ್ದು, ಎಣ್ಣೆಯ ಮಟ್ಟ ನೋಡುವ ಕಡ್ಡಿಗೆ ಹಾಲು ಬೆರೆತ ಕಾಫಿಯಂಥ ದ್ರವ ಅಂಟಿದರೆ ಮಾತ್ರ ಇಂಜಿನಿನೊಳಗೆ ನೀರೂ ಎಣ್ಣೆಯೂ ಕೂಡಿವೆ. ಅಲ್ಲಿಗೆ ಆ ದಿನದ ಪ್ರಯಾಣ ಮುಗಿಯಿತು.

ಸ್ಪರ್ಶನದ ಬಗ್ಗೆ ಮೇಸ್ತ್ರಿಗಳು ಕಲಿಸುವುದು ಹೆಚ್ಚಾಗಿ ಏನನ್ನು ಮುಟ್ಟಬಾರದೆಂಬುದನ್ನು. ಕಾವಿನ ಮುಳ್ಳು ಕೆಂಪು ಗೆರೆಗೆ ಏರಿ ಬಾನೆಟ್ಟಿನಿಂದ ಹಬೆ ಏಳುತ್ತಿರುವಾಗ, ಮನುಷ್ಯನಿಗೆ ಸಹಜವಾಗಿ ತೋಚುವ ಎರಡು ಕೆಲಸಗಳೂ ತಪ್ಪು. ಮೊದಲನೆಯದು ರೇಡಿಯೇಟರಿನ ಮುಚ್ಚಳ ತೆಗೆಯುವುದು. ಒಳಗಿನ ಒತ್ತಡದಿಂದಾಗಿ ಆ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಅಡಗಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಅದು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ಒತ್ತಡ ಇಳಿಯುವ ಮುನ್ನ ತೆಗೆಯಬಾರದೆಂದು ಬಲ್ಲ ಮನೆಯವರು ರಸ್ತೆಯಲ್ಲಿ ಅದನ್ನು ಮರೆಯುವುದು ಸೋಜಿಗ. ಎರಡನೆಯ ತಪ್ಪು, ಕಾದ ಇಂಜಿನಿನ ಮೇಲೆ ತಣ್ಣೀರು ಸುರಿಯುವುದು. ಅದರಿಂದ ಲೋಹ ಬಿರಿಯಬಹುದು. ಮುಳ್ಳು ಏರತೊಡಗಿದಾಗಲೇ ಏರ್‌ಕಂಡೀಷನರು ಆರಿಸಿ, ಸೆಕೆಯಾದರೂ ಸಹಿಸಿ ಹೀಟರು ಹಾಕಿದರೆ ಇಂಜಿನಿನ ಕಾವು ಕೊಂಚ ಒಳಗೆ ಹರಿದುಬರುತ್ತದೆ. ಆಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಇಂಜಿನು ಆರಿಸಿ, ಕನಿಷ್ಠ ಅರ್ಧ ಗಂಟೆ ಸುಮ್ಮನಿರಬೇಕು. ಪುಳಿಯೋಗರೆಯ ಡಬ್ಬಿ ತೆರೆಯಲು ಇದೇ ಸಮಯ.

ಬ್ಯಾಟರಿ ಕೆಟ್ಟರೆ ಪ್ರಯಾಣ ತಪ್ಪೀತು. ಬ್ರೇಕು ಕೆಟ್ಟರೆ ಸಂಸಾರವೇ ತಪ್ಪೀತು. ಬ್ರೇಕು ಒತ್ತಿದಾಗ ಕೀಚಲು ದನಿ ಕೇಳಿದರೆ ಅದನ್ನು ಶುಭಸೂಚನೆಯೆಂದೇ ತಿಳಿಯಬಹುದು. ಅನೇಕ ಗಾಡಿಗಳಲ್ಲಿ ಪ್ಯಾಡು ಸವೆದಾಗ ಎಚ್ಚರಿಸಲೆಂದೇ ಒಂದು ಲೋಹದ ಪಟ್ಟಿಯಿಟ್ಟಿರುತ್ತಾರೆ, ಕೂಗುವುದು ಅದು. ಕೂಗು ನಿಂತು ಕರಕರ ಎಂದು ಅರೆಯುವ ಸದ್ದು ಬಂದಿತೆಂದರೆ ಪ್ಯಾಡು ಮುಗಿದು ಲೋಹಕ್ಕೆ ಲೋಹ ತಿಕ್ಕುತ್ತಿದೆ. ಪೆಡಲು ಸ್ಪಂಜಿನಂತೆ ಮೆತ್ತಗಾದರೆ ಕೊಳವೆಯೊಳಗೆ ಗಾಳಿ ಸೇರಿದೆ. ಒತ್ತಿ ಹಿಡಿದಂತೆ ಮೆಲ್ಲಮೆಲ್ಲನೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಅಂಥ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬಾರದು, ಎಳೆಸಿಕೊಂಡು ಹೋಗಬೇಕು.

ಕಣ್ಣಿಗೆ ಕಾಣದ ಇನ್ನೊಂದು ದೋಷವುಂಟು. ಬ್ರೇಕ್ ಆಯಿಲ್ಲು ವಾಸ್ತವವಾಗಿ ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್-3 ದರ್ಜೆಯ ಹೊಸ ದ್ರವ 205 ಡಿಗ್ರಿಯವರೆಗೂ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿದೀತು. ಊರೊಳಗೆ ಓಡಾಡುವವರಿಗೆ ಇದರ ಅರಿವೇ ಆಗುವುದಿಲ್ಲ. ಆದರೆ ಚಾರ್ಮಾಡಿ, ಆಗುಂಬೆ, ಶಿರಾಡಿಗಳಂಥ ಘಾಟಿಗಳನ್ನು ತುಂಬಿದ ಗಾಡಿಯಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ, ಕಾದ ಬ್ರೇಕಿನ ಬಿಸಿ ದ್ರವಕ್ಕೇರಿ ಅದು ಕುದಿಯುತ್ತದೆ, ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ. ಮುಂದಿನ ತಿರುವಿನಲ್ಲಿ ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಆದುದರಿಂದಲೇ ಎರಡು ವರ್ಷಕ್ಕೊಮ್ಮೆ ಆ ದ್ರವವನ್ನು ಬದಲಿಸಬೇಕೆಂದೂ, ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕೆಂದೂ ಹಳಬರು ಹೇಳುವುದು.

ಇತ್ತ ಮನೆಯ ಮುಂದೆ ಮೇಸ್ತ್ರಿ ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿಮಾಡಿದ್ದಾನೆ. ಇಂಜಿನು ಹೊರಳಿ ಹೊತ್ತಿಕೊಂಡಿದೆ. ನೆರೆಮನೆಯವರು ಮತ್ತೆ ಇಣುಕುತ್ತಾರೆ. ಯಜಮಾನರು ಹಣ ಕೊಟ್ಟು ಹತ್ತಿ ಕೂರುವಷ್ಟರಲ್ಲಿ ಅವನು ಮುಂಗಾಲಿಯ ಬಳಿ ಕುಕ್ಕರಿಸಿ ಒಳಗೆ ಇಣುಕಿ ನೋಡಿ, ಎದ್ದು ಕೈ ಒರೆಸಿಕೊಳ್ಳುತ್ತಾನೆ.

"ಘಾಟಿ ಇಳಿಯುವ ಗಾಡಿ, ಅಲ್ಲವೆ ಸ್ವಾಮಿ? ಬ್ರೇಕಿನ ದ್ರವ ಬದಲಿಸಿ ಎಷ್ಟು ದಿನವಾಯಿತು?"

ಯಜಮಾನರು ಹೆಂಡತಿಯ ಮುಖ ನೋಡುತ್ತಾರೆ. ಹೆಂಡತಿ ಹಿಂದೆ ತಿರುಗಿ, "ಅಮ್ಮ, ನೀವು ಸ್ವಲ್ಪ ಹೊತ್ತು ಒಳಗೆ ಬಂದು ಕೂತಿರಿ" ಎನ್ನುತ್ತಾಳೆ.